ಕೂಸನ್ನು ಮುಟ್ಟದೆ ನೋಡುವ ಬಗೆ

ಶೀಲಾ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ನನಗೆ ನೆಗಡಿ ಹಿಡಿದಿದೆ. ಎಂಟು ತಿಂಗಳಿಗೇ ಹುಟ್ಟಿದ ಕೂಸು ಆಸ್ಪತ್ರೆಯಿಂದ ಬಂದು ಎರಡೇ ದಿನ. ಈ ಮನೆಯಲ್ಲಿ ನಾನು ಸೀನುತ್ತ ಕೂಡುವುದು ಬೇಡ. ಗುಣವಾಗುವವರೆಗೆ ಕಮಲಾಪುರದಲ್ಲಿ ಅಕ್ಕನ ಮನೆಯಲ್ಲಿರುತ್ತೇನೆ.

ಅಕ್ಕ ಇವತ್ತು ಮಗ ರೇವಣನ ಜೊತೆ ಕೂಸನ್ನು ನೋಡಲು ಕಲಬುರಗಿಗೆ ಬರುತ್ತಾಳೆ. ರೇವಣನಿಗೆ ಕಂಡವರ ಕೈ ಕುಲುಕುವ ಚಟ. ಅವನು ಕೈ ಚಾಚುವ ಮೊದಲೇ ನೀನು ಕೈ ಜೋಡಿಸಿ "ಶರಣ್ರೀ ಅಣ್ಣಾರ" ಅಂದುಬಿಡು, ಅವನೂ ಜೋಡಿಸಲೇಬೇಕು. ಅಕ್ಕ ಕೂಸಿನ ಗಲ್ಲ ಸವರಿ ಲಟಿಕೆ ಮುರಿಯುವವಳು. "ಅತ್ತೀ, ಬಾಗಲದಾಗ ನಿಂತೇ ದೃಷ್ಟಿ ತಗೀರಿ" ಅನ್ನು. "ನಾ ಏನ್ ಹೊರಗಿನಾಕಿ ಏನ?" ಎಂದು ಸಿಟ್ಟಾದರೆ, ಮಾವ ಹೇಳಿದ್ದಾರೆ ಎಂದು ನನ್ನ ಮೇಲೆ ಹಾಕು. ಸಂಜೆ ಊರಿಗೆ ಬಂದು ನನ್ನನ್ನೇ ಬೈಯಲಿ, ಅರವತ್ತು ವರ್ಷದಿಂದ ಬೈಸಿಕೊಂಡಿದ್ದೇನೆ.

ನಿನ್ನ ಅತ್ತೆ ಇದ್ದಿದ್ದರೆ ಈ ಚೀಟಿ ಬೇಕಿರಲಿಲ್ಲ. ಬಂದವರನ್ನು ನಗಿಸಿಯೇ ಬಾಗಿಲಲ್ಲಿ ತಡೆಯುತ್ತಿದ್ದಳು. ಪೂಜೆ ಮುಗಿಸಿ ಹೊರಡುವಾಗ ಇಣುಕಿ ನೋಡಿದೆ. ಕೂಸಿನ ಮೂಗು ಅವಳದೇ. ಒಳಗೆ ಬರಲಿಲ್ಲ.

ಶಿವನ ದಯೆಯಿಂದ ನೆಗಡಿ ಬೇಗ ಹೋದೀತು. ಹಿರಿಯರಲ್ಲಿ ಕೂಸನ್ನು ಮೊದಲು ಎತ್ತಿಕೊಳ್ಳುವವನು ನಾನೇ. ಅಲ್ಲಿಯವರೆಗೆ ಅಕ್ಕ ಅತ್ತರೂ ಕೊಡಬೇಡ.

ನಿನ್ನ ಮಾವ