ಮಾರುಕಟ್ಟೆ ಚೌಕದ ಅಪ್ಪುಗೆ

ತುರ್ಕು, ಅಕ್ಟೋಬರ್ ೧೪, ಗುರುವಾರ

ಪ್ರೀತಿಯ ತೈಸ್ತೊ,

ಮೊಣಕಾಲು ಹೇಗಿದೆ? ನಾರ್ವೆಯ ಆ ಮೀನು ಕಾರ್ಖಾನೆಯ ತಣ್ಣನೆ ನೆಲದ ಮೇಲೆ ಇಡೀ ದಿನ ನಿಂತರೆ ಅದು ವಾಸಿಯಾಗುವುದುಂಟೇ? ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ, ಹಾಕಿಕೋ. ಅಲ್ಲೇ ಇನ್ನೊಂದು ವರ್ಷದ ಕರಾರಿಗೆ ಸಹಿ ಹಾಕಲೋ, ಮನೆಗೆ ಬಂದುಬಿಡಲೋ ಎಂದು ನೀನು ಕೇಳಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ನಾನು ಬೇರೇನನ್ನೋ ಬರೆದೆ. ಇವತ್ತೂ ಹಾಗೇ ಆಗುತ್ತದೇನೋ.

ನಮ್ಮ ಪ್ರದರ್ಶನ ನಡೆಯುತ್ತಿದೆ. ಮಾರುಕಟ್ಟೆ ಚೌಕದ ನಡುವೆ ನಾನೂ ನಮ್ಮ ತಂಡದ ವೇಸನೂ ಬೆಳಗಿನಿಂದ ಮಧ್ಯಾಹ್ನದವರೆಗೆ ಅಪ್ಪಿಕೊಂಡು ನಿಲ್ಲುತ್ತೇವೆ, ಅಷ್ಟೇ. ಜನ ನೋಡಬೇಕು, ಮುಜುಗರಪಡಬೇಕು, ಆ ಮುಜುಗರವೇ ಕಲೆ ಎಂದುಕೊಂಡಿದ್ದೆವು. ಆದರೆ ನಮ್ಮ ಊರಿನವರು ನೋಡಬೇಕಲ್ಲ. ನಾವು ನಿಂತಲ್ಲಿಗೆ ಬರುತ್ತಲೇ ಎಲ್ಲರಿಗೂ ಪಕ್ಕದ ಆಲೂಗಡ್ಡೆ ರಾಶಿಯಲ್ಲಿ ಆಸಕ್ತಿ ಹುಟ್ಟುತ್ತದೆ. ಮಂಗಳವಾರ ಕಾಫಿ ಅಂಗಡಿಯ ಮುದುಕಿ ಐಲಾ ಗಾಳಿ ತಡೆಯುವ ತನ್ನ ಪರದೆಗಳನ್ನು ಎಳೆದು ತಂದು ನಮ್ಮ ಸುತ್ತ ನಿಲ್ಲಿಸಿಬಿಟ್ಟಳು. "ಯಾರೋ ತೀರ್ಕೊಂಡಿರ್ಬೇಕು, ಪಾಪ. ಅಳ್ಬೇಕು ಅನ್ಸಿದ್ರೆ ಅತ್ಬಿಡಿ, ಯಾರೂ ನೋಡಲ್ಲ" ಎಂದಳು. ಇದು ಪ್ರದರ್ಶನ ಕಣಮ್ಮಾ ಎಂದು ವೇಸ ಹೇಳಿದ್ದಕ್ಕೆ, "ಹೂಂ ಹೂಂ, ನಮ್ಮನೆಯವ್ರು ಹೋದಾಗ ನಾನೂ ಹಿಂಗೇ ಏನೇನೋ ಮಾತಾಡ್ತಿದ್ದೆ" ಎಂದು ಎರಡು ಲೋಟ ಕಾಫಿ ಇಟ್ಟು ಹೋದಳು.

ಪರದೆ ತೆಗೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಸುಸ್ತಾಗಿತ್ತು. ನೋಡುವವರಿಲ್ಲದ ಮೇಲೆ ವೇಸ ನನ್ನನ್ನು ಬಿಟ್ಟು, ಭುಜ ಒತ್ತಿಕೊಳ್ಳುತ್ತ ಕೂತು, ಸಂಜೆಗೆ ಏನಡುಗೆ ಎಂದು ಹೆಂಡತಿಗೆ ಫೋನ್ ಮಾಡಿದ. ನನ್ನ ತೋಳುಗಳು ಮಾತ್ರ ಸ್ವಲ್ಪ ಹೊತ್ತು ಬಾಗಿದಂತೆಯೇ ಇದ್ದವು. ನೋಡಿಕೊಂಡೆ. ಅವುಗಳ ನಡುವಿನ ಜಾಗ ವೇಸನಿಗೆ ದೊಡ್ಡದು. ಅವನು ನಿನಗಿಂತ ತುಂಬ ತೆಳ್ಳಗೆ. ಇಷ್ಟು ವರ್ಷಗಳಲ್ಲಿ ನಾನೂ ನೀನೂ ಬೀದಿಯಲ್ಲಿ ಕೈ ಹಿಡಿದದ್ದು ಹಿಮದ ಮೇಲೆ ಕಾಲು ಜಾರುವಾಗ ಮಾತ್ರ. ನೀನು ಹೋದ ದಿನವೂ ರೈಲು ನಿಲ್ದಾಣದಲ್ಲಿ ಪರಸ್ಪರ ತಲೆಯಾಡಿಸಿದೆವು, "ಹಂಗಾದ್ರೆ ಸರಿ" ಎಂದೆ ನೀನು. ದೂರುತ್ತಿಲ್ಲ. ನಾನೂ ಅದನ್ನೇ ಅಂದಿದ್ದೆ.

ನಿನ್ನ ಅಮ್ಮ ಆರಾಮಾಗಿದ್ದಾರೆ, ಕೇಳಿದೆನೆಂದು ತಿಳಿಸು ಎಂದರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅನೇಲಿ

ತಾ.ಕ.: ಸಹಿ ಹಾಕಬೇಡ, ಬಾ. ನಿಲ್ದಾಣದಲ್ಲಿ ಎಲ್ಲರೆದುರೇ ನಿನ್ನನ್ನು ಅಪ್ಪಿಕೊಳ್ಳುತ್ತೇನೆ, ಈಗಲೇ ಹೇಳಿರುತ್ತೇನೆ. ನೀನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತಿದ್ದರೆ ಸಾಕು. ಉಳಿದದ್ದು ನನಗೆ ಅಭ್ಯಾಸವಾಗಿದೆ.