ನಿದ್ದೆಯಲ್ಲಿ ಕೂಗಿದ್ದು

ಅಪ್ಪನವರಿಗೆ ನಿಮ್ಮ ಉಗ್ಗ ಮಗನ ನಮಸ್ಕಾರ.

ಕಾಗದದ ಮೇಲೆ ಈ ‘ಅಪ್ಪ’ ಎಷ್ಟು ಸಲೀಸು ನೋಡಿ! ಅಂಗಡಿಗಳ ಬೋರ್ಡು ಬರೆಯುವಾಗಲೂ ನೀವು ಕಲಿಸಿದ ಹಾಗೆ ಒಂದೇ ಎಳೆತಕ್ಕೆ ‘ಪ’ ಬರುತ್ತದೆ. ಬಾಯಲ್ಲಿ ಹೇಳಹೋದರೆ ಮಾತ್ರ ‘ಅ’ ಆದಮೇಲೆ ತುಟಿ ಅಂಟಿಕೊಳ್ಳುತ್ತದೆ. ಅದಕ್ಕೇ ನಿಮ್ಮನ್ನು ‘ಏನೂಂದ್ರೆ’ ಎಂದು ಕರೆಯುತ್ತಾ ಬಂದೆ. “ಕಟ್ಕೊಂಡ ಹೆಂಡ್ತಿ ಥರ ಕರೀತಾನೆ” ಎಂದು ಅಮ್ಮ ನಗುತ್ತಿದ್ದಳು.

ನನ್ನ ಜೊತೆ ಕೋಣೆಯಲ್ಲಿರುವ ಬಡಗಿ ಮೊನ್ನೆ, “ರಾತ್ರಿಯೆಲ್ಲ ಭಾಷಣ ಬಿಗೀತೀಯಲ್ಲೋ, ಮಲಗೋಕೆ ಬಿಡ್ತೀಯಾ?” ಎಂದು ರೇಗಿದ. ನಾನು, ಭಾಷಣ! ನಂಬದೆ ದಿಂಬಿನ ಪಕ್ಕ ಫೋನಿಟ್ಟು ರೆಕಾರ್ಡ್ ಮಾಡಿದೆ. ಬೆಳಿಗ್ಗೆ ಹಾಕಿ ಕೇಳಿದೆ.

“ಅಪ್ಪಾ, ಏಣಿ ಜಾರ್ತಾ ಇದೆ, ಇಳೀರಿ!”

ಒಂದೇ ಉಸಿರು, ಎಲ್ಲೂ ತಡೆಯಿಲ್ಲ. ದನಿ ನನ್ನದೇ. ಹಲ್ಲುಜ್ಜುವುದನ್ನೂ ಮರೆತು ಒಂಬತ್ತು ಸಲ ಕೇಳಿದೆ. ರೇಗಿದ್ದ ಬಡಗಿಯೂ ಪಕ್ಕದಲ್ಲಿ ಕೂತು ಕೇಳಿದ.

ಬೋರ್ಡು ಬರೆಯುತ್ತಾ ನೀವು ಏಣಿಯಿಂದ ಬಿದ್ದ ದಿನ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಾ, “ಏಣಿ ಹಿಡ್ಕೊಂಡೋನು ಒಂದ್ಸಲ ಕೂಗಬಾರ್ದಿತ್ತೇನೋ?” ಎಂದು ಕೇಳಿದ್ದಿರಿ. ಹನ್ನೊಂದು ವರ್ಷದಿಂದ ಕೂಗುತ್ತಲೇ ಇದ್ದೇನೇನೋ, ನನಗೇ ಗೊತ್ತಿರಲಿಲ್ಲ.

ರೆಕಾರ್ಡನ್ನು ಅಕ್ಕನ ಫೋನಿಗೆ ಕಳಿಸಿದ್ದೇನೆ. ಸರಿಯಾಗಿ ಕೇಳಿಸುವ ಬಲಗಿವಿಗೇ ಹಿಡಿಯಿರಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಫೋನ್ ಮಾಡುತ್ತೇನೆ. ‘ಅ’ ಎಂದು ಸದ್ದು ನಿಂತರೆ ಲೈನ್ ಕಟ್ಟಾಯಿತೆಂದು ಇಟ್ಟುಬಿಡಬೇಡಿ. ಉಳಿದದ್ದು ಬರುತ್ತಿರುತ್ತದೆ.

ಇಂತಿ,
ಏಣಿ ಹಿಡಿದುಕೊಂಡಿದ್ದವನು