ಎಡಗೈಯ ಗಿಣಿ

ಹೊಸಪೇಟೆ
೧೪ ನವೆಂಬರ್ ೨೦೨೪, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ತಾನೆ? ಬಲಗೈಗೆ ಎಣ್ಣೆ ತಿಕ್ಕುವಾಗ ಅಮ್ಮನನ್ನು ಬೈಯಬೇಡ, ಅವಳಿಗೂ ಸಾಕಾಗಿರುತ್ತದೆ. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಹಿಸುಕುತ್ತಿದ್ದೀಯೋ ಅಥವಾ ಅದು ಮಂಚದ ಕೆಳಗೆ ಸೇರಿದೆಯೋ? ಫೋನ್ ಮಾಡಿದರೆ ‘ಹ್ಞೂಂ’ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಪತ್ರ. ಇದನ್ನು ಯಾರಿಗೂ ದಾಟಿಸುವ ಹಾಗಿಲ್ಲ, ನೀನೇ ಓದಬೇಕು. ಮುಂದಿನ ಭಾನುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವಾಗ ನೀನು ಬರುವುದಿಲ್ಲವಂತೆ. “ಸೊಟ್ಟ ಕೈ ಇಟ್ಕೊಂಡು ಮಂದ್ಯಾಗ ಏನ್ ಬರ್ಲಿ” ಅಂದೆಯಂತೆ. ಆ ಜಗಳ ಆಮೇಲೆ.

ನಾವು ಚೆನ್ನಾಗಿದ್ದೇವೆ. ಪುಟ್ಟಿ ಈಗ ಬೋರಲು ಬೀಳುತ್ತಾಳೆ, ಫ್ಯಾನ್ ನೋಡಿ ನಗುತ್ತಾಳೆ. ಮಲಗುವುದೊಂದು ಇಲ್ಲ. ಮಲಗಿದರೂ ನನ್ನ ಬಲ ಹೆಗಲೇ ಆಗಬೇಕು, ಎಡಕ್ಕೆ ಬದಲಿಸಿದರೆ ಓಣಿಯೇ ಎದ್ದು ಕೂರುವ ಹಾಗೆ ಅಳುತ್ತಾಳೆ. ಹೇಗೋ ಹಾಸಿಗೆಗೆ ಇಳಿಸಿದರೆ ನನಗೇ ಸಮಾಧಾನವಿಲ್ಲ. ಉಸಿರಾಡುತ್ತಿದ್ದಾಳೋ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ, ಅವಳು ಏಳುತ್ತಾಳೆ. ಅತ್ತೆ ನಗುತ್ತಾರೆ. “ಮಲಗಿದ್ ಕೂಸನ್ನ ಎಬ್ಬಿಸಿ, ಮಲಗವಲ್ದು ಅಂತ ಅಳಾಕಿ ನೀನೊಬ್ಬಾಕಿನ ನೋಡವ್ವ!” ಎಂ.ಎಸ್ಸಿ. ಓದಿದ್ದು ಇಲ್ಲಿ ಯಾವ ಉಪಯೋಗಕ್ಕೂ ಬರುತ್ತಿಲ್ಲ ಅಪ್ಪಾ.

ಕಂಪ್ಲಿಯ ಬಡಗಿಯ ಹತ್ತಿರ ನೀನು ಮಾಡಿಸಿದ ತೊಟ್ಟಿಲು ಪಡಸಾಲೆಯಲ್ಲಿದೆ. ಒಂದು ಬದಿಗೆ ಗಿಣಿಸಾಲು ಬರೆದು ಮುಗಿಸಿದ ವಾರದಲ್ಲೇ ನಿನಗೆ ಲಕ್ವಾ ಹೊಡೆಯಿತು. ಉಳಿದದ್ದನ್ನು ನಾನು ಬರೆಯುತ್ತೇನೆಂದು ಧೈರ್ಯವಾಗಿ ಒಪ್ಪಿಕೊಂಡೆ. ಮಗು ನೆಕ್ಕಿದರೂ ಅಪಾಯವಿಲ್ಲದ ಬಣ್ಣವೇ ಎಂದು ಮತ್ತೆ ಮತ್ತೆ ಕೇಳಿ ಅಂಗಡಿಯವನ ತಲೆ ತಿಂದು ತಂದೆ. ಆಮೇಲೆ ಶುರುವಾಯಿತು ನೋಡು. “ದಾರ ಹೊಡೀಲಾರ್ದ ಬ್ರಷ್ ಹಿಡೀಬ್ಯಾಡ” ಎನ್ನುತ್ತಿದ್ದೆಯಲ್ಲ. ಸಂಡೂರಿನಲ್ಲಿ ಅದಿರು ಲಾರಿಗಳಿಗೆ ಹೆಸರು ಬರೆಯುವಾಗ ಸುಣ್ಣ ಸವರಿದ ದಾರದ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಡುವೆ ಎಳೆದು ಟಪ್ಪೆಂದು ಬಿಟ್ಟರೆ ನೇರವಾದ ಬಿಳಿ ಗೆರೆ. ನಾನೂ ಹಾಗೇ ಹೊರಟೆ. ಸ್ಕೇಲು, ಪೆನ್ಸಿಲು, ನಿನ್ನ ಗಿಣಿಯ ಮೇಲೆ ಹಾಳೆಯಿಟ್ಟು ತೆಗೆದ ನಕಲು. ಕೊಕ್ಕು ಕೂದಲೆಳೆಯಷ್ಟು ಸರಿದರೂ ಒರೆಸುವುದು, ಪಾಲಿಶ್ ಪೇಪರ್ ಹಾಕಿ ತಿಕ್ಕುವುದು. ಗಿಣಿ ಆಗಲಿಲ್ಲ, ಮರ ಸವೆಯಿತು.

ಮೊನ್ನೆ ಹಸಿರು ಕಲಸಿ ಕೂತೆ, ಪುಟ್ಟಿ ಎದ್ದಳು. ಹೆಗಲಿಗೆ ಹಾಕಿಕೊಂಡೆ, ಅಲ್ಲೇ ನಿದ್ದೆ ಹೋದಳು. ನಿನ್ನ ಅಳಿಯ ಪಂಪೇಶ್ ಡ್ಯೂಟಿಗೆ ಹೋಗಿದ್ದರು, ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು, ಕಲಸಿದ ಬಣ್ಣ ಒಣಗುತ್ತಿತ್ತು. ಬಲಗೈ ತುಂಬ ಮಗು. ಸರಿ, ಎಡಗೈಯಲ್ಲಿ ಬ್ರಷ್ ಹಿಡಿದೆ. ಗೆರೆ ಎಲ್ಲೆಲ್ಲೋ ಹೋಯಿತು. ಒರೆಸೋಣವೆಂದರೆ ಇನ್ನೊಂದು ಕೈ ಎಲ್ಲಿದೆ? ಹೋದ ಕಡೆಗೇ ಒಂದು ರೆಕ್ಕೆ ಕೊಟ್ಟೆ. ಹೊಟ್ಟೆ ಉಬ್ಬಿತು, ಹೆಚ್ಚು ತಿಂದಿರಬೇಕೆಂದು ಬಾಯಿಗೊಂದು ಕೆಂಪು ಮೆಣಸಿನಕಾಯಿ ಬರೆದೆ. ಬಣ್ಣ ಸೋರಿ ಇಳಿಯಿತು, ಅದನ್ನೇ ಬಾಲ ಮಾಡಿದೆ. ಇಷ್ಟು ದಿನ ಉಸಿರು ಬಿಗಿಹಿಡಿದು ಬರೆಯುತ್ತಿದ್ದೆನೆಂದು ಆಗ ತಿಳಿಯಿತು ಅಪ್ಪಾ. ಪುಟ್ಟಿಯ ಉಸಿರು ನನ್ನ ಕುತ್ತಿಗೆಗೆ ತಾಗುತ್ತಲೇ ಇತ್ತು. ಬೆರಳಿಟ್ಟು ನೋಡಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ.

ಅತ್ತೆ ಒದ್ದೆ ಕೈಯಲ್ಲೇ ಬಂದು ನೋಡಿದರು. “ಇದೇನವ್ವ, ಗಿಣೀನೋ ಬಸರಿ ಕೋಳೀನೋ!” ಎಂದು ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟರು. ನಾನು ಒರೆಸಲು ಬಟ್ಟೆ ಹುಡುಕಿದರೆ ಅವರೇ ತಡೆದರು. “ಅಳಸಬ್ಯಾಡ. ಇದು ಕೂಸಿನ್ ಕೂಡ ಆಡಾಕ್ ಬಂದಂಗೈತಿ. ನಿಮ್ಮಪ್ಪನ್ ಗಿಣಿ ಭಾಳ ಚಂದ, ಆದ್ರ ಎಲ್ಲಾ ಪಾಟಿಚೀಲ ಹಾಕ್ಕೊಂಡು ಸಾಲಿಗ್ ಹೊಂಟಂಗದಾವು.” ಸಿಟ್ಟಾಗಬೇಡ, ನನಗೂ ನಗು ಬಂತು. ಗದ್ದಲಕ್ಕೆ ಎದ್ದ ಪುಟ್ಟಿ ಹಸಿ ಬಣ್ಣಕ್ಕೆ ಕೈಯೂರಿಬಿಟ್ಟಳು. ಓಡಿ ಹೋಗಿ ಅವಳ ಕೈ ತೊಳೆದೆ, ಅಷ್ಟು ಹೆದರಿಕೆ ಇನ್ನೂ ಉಳಿದಿದೆ. ಗಿಣಿಯನ್ನು ಮಾತ್ರ ಹಾಗೇ ಬಿಟ್ಟೆ. ಅದರ ರೆಕ್ಕೆಯ ಮೇಲೆ ಅವಳ ಬೆರಳುಗಳಿವೆ. ಆಮೇಲೆ ಆ ಬದಿಯನ್ನು ಪೂರ್ತಿ ಎಡಗೈಯಲ್ಲೇ ಬರೆದು ಮುಗಿಸಿದೆ.

ಅಮ್ಮನಿಗೆ ನಮಸ್ಕಾರ. ಅತ್ತೆ, ಪಂಪೇಶ್ ನಿನ್ನನ್ನು ಕೇಳಿದ್ದಾರೆ. ಪುಟ್ಟಿಯಿಂದ ತಾತನಿಗೆ ಜೊಲ್ಲಿನ ಮುತ್ತು.

ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದ ನಿನ್ನ
ಪಲ್ಲವಿ

ಮರೆತೆ ಅಪ್ಪಾ: ತೊಟ್ಟಿಲಿನ ತಲೆಕಡೆಯ ಹಲಗೆಯನ್ನು ಖಾಲಿ ಬಿಟ್ಟಿದ್ದೇನೆ. ಅದು ನಿನ್ನದು. ಬಣ್ಣ ಒಣಗಲು ಒಂದು ರಾತ್ರಿ ಬೇಕು, ಅದಕ್ಕೇ ಪಂಪೇಶ್ ಶನಿವಾರ ಬೆಳಗ್ಗೆಯೇ ಕಾರು ತರುತ್ತಾರೆ. ದಾರ ತರಬೇಡ, ಎಡಗೈ ಇದೆಯಲ್ಲ. ಪುಟ್ಟಿ ಎದ್ದು ಬಲ ಹೆಗಲೇರಿದ್ದಾಳೆ, ಈ ನಾಲ್ಕು ಸಾಲು ನನ್ನ ಎಡಗೈಯವು. ಅಕ್ಷರ ಸೊಟ್ಟ. ಓದಲು ಬಂತಲ್ಲ?